ಹುಲ್ಲಿಗೆಂದು ಬೆರೆಸಿದ ನೀರು

"ಅಯ್ಯ, ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ತಕ್ಕ ಹೊತ್ತು ಯಾವುದು?" ಎಂದು ನಿರ್ವಾಣಪ್ಪ ಕೇಳಿದ.

ಗುರುಗಳು ಅವನ ಮುಖ ನೋಡಿದರು. ನಿರ್ವಾಣಪ್ಪ ಹನ್ನೆರಡು ವರ್ಷಗಳಿಂದ ಅವರ ಬಳಿಗೆ ಬರುತ್ತಿದ್ದ ಶಿಷ್ಯ. ಪಕ್ಕದ ಊರಿನ ಶಾಲೆಯಲ್ಲಿ ಮೇಷ್ಟ್ರು. ಬಂದರೆ ಭಾನುವಾರ ಬರುತ್ತಿದ್ದ. ಅಂದು ಬುಧವಾರ; ಶಾಲೆ ನಡೆಯುತ್ತಿರುವ ಹೊತ್ತು.

"ಯಾರ ತಪ್ಪು?" ಎಂದರು ಗುರುಗಳು.

"ಯಾರದಾದರೂ ಆಗಲಿ ಅಯ್ಯ. ಒಬ್ಬನಿಂದ ತಪ್ಪಾಗಿದೆ. ಬೇಕೆಂದು ಮಾಡಿದ್ದಲ್ಲ. ಒಪ್ಪಿಕೊಳ್ಳಬೇಕೆಂಬ ಮನಸ್ಸೂ ಅವನಿಗಿದೆ. ಆದರೆ ಈಗ ಎಲ್ಲರೂ ಕುದಿಯುತ್ತಿದ್ದಾರೆ. ಈಗ ಹೇಳಿದರೆ ಬೇಕೆಂದೇ ಮಾಡಿದ ಅನ್ನುತ್ತಾರೆ. ನಾಲ್ಕು ದಿನ ಕಳೆದು, ಬಿಸಿ ಆರಿದ ಮೇಲೆ ಹೇಳಿದರೆ ಸಾಲದೇ?"

ಗುರುಗಳು ಸಾಲುತ್ತದೆ ಎನ್ನಲಿಲ್ಲ, ಸಾಲದು ಎಂದೂ ಅನ್ನಲಿಲ್ಲ. ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಪೇಟೆಯ ಓಣಿಯಲ್ಲಿ ಕಿಟಕಿಯಿಲ್ಲದ ಒಂದು ಅಂಗಡಿ. ಅದರಲ್ಲಿ ಮೂವತ್ತು ವರ್ಷ ಕುಳಿತು ಬಟ್ಟೆ ಅಳೆದ. ವಯಸ್ಸು ಐವತ್ತೈದು ದಾಟಿದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಮನೆಯ ಮುಂದೆ ಎರಡು ಕೋಣೆಯಷ್ಟು ಜಾಗ ಬಿಟ್ಟು ಅಲ್ಲಿ ಲಾನ್ ಹುಲ್ಲು ಹಾಕಿಸಿದ. ಬದುಕಿನಲ್ಲಿ ಅವನು ಮಾರಾಟಕ್ಕಲ್ಲದೆ ಇಟ್ಟುಕೊಂಡ ಮೊದಲ ವಸ್ತು ಆ ಹುಲ್ಲುಹಾಸು. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಅದರ ಮೇಲೆ ನಡೆಯುವುದು ಅವನಿಗೆ ಪೂಜೆಯ ಹಾಗಿತ್ತು.

ಆರು ತಿಂಗಳಿಗೆ ಹುಲ್ಲು ಬಿಳಿಚಿಕೊಂಡಿತು. ನಡುನಡುವೆ ಹಳದಿ ತಿರುಗಿತು. ಎದುರು ಮನೆಯವರ ಹುಲ್ಲು ಮಾತ್ರ ಗಿಳಿಯ ರೆಕ್ಕೆಯ ಹಾಗೆ ಹಸಿರಾಗಿತ್ತು. ವ್ಯಾಪಾರಿ ದಿನವೂ ಗೇಟಿನ ಬಳಿ ನಿಂತು ಎರಡನ್ನೂ ಹೋಲಿಸಿ ನೋಡಿ ಒಳಗೊಳಗೇ ಕುದಿದ.

ಬಡಾವಣೆಯ ಪಾರ್ಕಿನಲ್ಲಿ ಒಬ್ಬ ಮುದುಕ ಮಾಲಿ ಇದ್ದ. ವ್ಯಾಪಾರಿ ಅವನನ್ನು ಕರೆತಂದು ತೋರಿಸಿದ. ಮಾಲಿ ಹುಲ್ಲನ್ನು ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿದ. ಒಂದು ಗೇಣು ಇಳಿಯುವಷ್ಟರಲ್ಲಿ ಸಿಮೆಂಟಿನ ಚಕ್ಕೆ ಬಂತು, ಇಟ್ಟಿಗೆ ಚೂರು ಬಂತು.

"ಸ್ವಾಮಿ, ಇದು ಹಸಿದಿಲ್ಲ. ಇದಕ್ಕೆ ಉಸಿರು ಕಟ್ಟಿದೆ," ಎಂದ ಮಾಲಿ. "ಮನೆ ಕಟ್ಟಿದ ಕಸದ ಮೇಲೆ ಹುಲ್ಲು ಹಾಸಿಬಿಟ್ಟಿದ್ದಾರೆ. ಮೊದಲು ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ತೂತು ಮಾಡಿ. ಜರಡಿ ಹಿಡಿದ ಹಳೇ ಗೊಬ್ಬರವನ್ನು ತೆಳ್ಳಗೆ ಉದುರಿಸಿ. ಹುಲ್ಲನ್ನು ಬುಡಮಟ್ಟ ಕತ್ತರಿಸಬೇಡಿ, ಎರಡು ಬೆರಳು ಎತ್ತರ ಬಿಡಿ. ಒಂದು ತಿಂಗಳು ಕಾಯಿರಿ."

"ಒಂದು ತಿಂಗಳೇ? ಅಂಗಡಿ ಗೊಬ್ಬರ ಹಾಕಿದರೆ ಆಗದೇ?"

"ಹಾಕಬಹುದು. ಆದರೆ ಅದು ಎದ್ದು ಕೂತ ಮೇಲೆ. ಆಗಲೂ ಹತ್ತಡಿ ಉದ್ದ ಹತ್ತಡಿ ಅಗಲಕ್ಕೆ ಒಂದು ಮುಷ್ಟಿ, ಅಷ್ಟೇ. ಅರ್ಧ ಉದ್ದಕ್ಕೆ ಎರಚಿ, ಅರ್ಧ ಅಡ್ಡಕ್ಕೆ ಎರಚಿ. ಎಲೆ ಒಣಗಿರಬೇಕು. ಎರಚಿದ ಗಳಿಗೆಯಲ್ಲೇ ನೀರು ಬಿಡಬೇಕು. ನಲ್ಲಿಯಲ್ಲಿ ನೀರು ಬರದ ದಿನ ಆ ಚೀಲ ಮುಟ್ಟಲೇಬೇಡಿ."

ವ್ಯಾಪಾರಿ ಹೇಳಿದಂತೆ ಮಾಡಿದ. ತೂತು ಮಾಡಿದ, ಗೊಬ್ಬರ ಉದುರಿಸಿದ. ಹತ್ತು ದಿನ ಕಾದ. ಹುಲ್ಲು ಇದ್ದ ಹಾಗೇ ಇತ್ತು.

ಆ ಹತ್ತನೆಯ ದಿನವೇ ಇನ್ನೊಂದು ಸಂಗತಿ ನಡೆಯಿತು.

ಅವನ ಮನೆಯ ಪಕ್ಕದಲ್ಲಿ ಒಂದು ಖಾಲಿ ನಿವೇಶನ. ಅದರಾಚೆ ಹಳೆಯ ಹೆಂಚಿನ ಮನೆ. ಬಡಾವಣೆ ಆಗುವ ಮೊದಲು ಅಲ್ಲೆಲ್ಲ ಹೊಲವಿತ್ತು. ಆ ಹೊಲದವರ ಪೈಕಿ ಉಳಿದದ್ದು ಅದೊಂದೇ ಮನೆ. ಅದರಲ್ಲಿ ಕೆಂಚಮ್ಮ ಎಂಬ ಹೆಣ್ಣುಮಗಳು ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದಳು. ಹಸುವಿನ ಹೆಸರು ಕೌಲಿ. ಅದರ ಹಾಲನ್ನೇ ಆ ಬೀದಿಯವರೆಲ್ಲ ಕುಡಿಯುತ್ತಿದ್ದರು. ಆಗ ಅದು ಏಳು ತಿಂಗಳ ಗಬ್ಬ. ಕೆಂಚಮ್ಮ ಹಾಲು ಬತ್ತಿಸಿ, ಕರುವಿಗಾಗಿ ಕಾಯುತ್ತಿದ್ದಳು.

ಅಂದು ಕೌಲಿ ಹಗ್ಗ ಬಿಚ್ಚಿಕೊಂಡು ವ್ಯಾಪಾರಿಯ ಅಂಗಳಕ್ಕೆ ನುಗ್ಗಿತು. ಇದ್ದ ಚೂರುಪಾರು ಹಸಿರನ್ನೂ ಮೇಯ್ದು, ಮೆತ್ತನೆಯ ಮಣ್ಣಿನಲ್ಲಿ ಗೊರಸು ಊರಿತು. ವ್ಯಾಪಾರಿಗೆ ತಡೆಯಲಾಗಲಿಲ್ಲ. ಹಸುವನ್ನು ಹುಡುಕಿಕೊಂಡು ಬಂದ ಕೆಂಚಮ್ಮನನ್ನು ಗೇಟಿನಲ್ಲೇ ನಿಲ್ಲಿಸಿ ಕೂಗಾಡಿದ. ಬೀದಿಯ ಜನ ಬಂದು ಸೇರಿದರು.

"ಇನ್ನೊಂದು ಸಲ ಈ ಹಸು ನನ್ನ ಗೇಟಿನ ಒಳಗೆ ಕಾಲಿಟ್ಟರೆ ಜೀವಸಹಿತ ಆಚೆ ಹೋಗಲ್ಲ, ತಿಳ್ಕೊ!" ಎಂದ.

ಕೆಂಚಮ್ಮ "ಇನ್ನು ಬಿಡಲ್ಲ ಸಾವ್ಕಾರ್ರೇ," ಎಂದಷ್ಟೇ ಹೇಳಿ ಹಸುವನ್ನು ಎಳೆದುಕೊಂಡು ಹೋದಳು. ಜನ ಚದುರಿದರು. ಸಿಟ್ಟು ಇಳಿದ ಮೇಲೆ ವ್ಯಾಪಾರಿಗೆ ಆಡಬಾರದ ಮಾತು ಆಡಿದೆನಲ್ಲ ಎನ್ನಿಸಿತು. ಆದರೆ ಅವಳ ಮನೆಗೆ ಹೋಗಿ ಹಾಗೆಂದು ಹೇಳಲಿಲ್ಲ.

ಮಾರನೆಯ ದಿನ ಅವನು ಗೊಬ್ಬರದ ಅಂಗಡಿಗೆ ಹೋದ.

"ಯಾವ ಬೆಳೆಗೆ?" ಎಂದು ಅಂಗಡಿಯವನು ಕೇಳಿದ.

"ಹುಲ್ಲಿಗೆ."

"ಮೂರೂ ಸತ್ವ ಸಮ ಇರೋದು ಕೊಡ್ಲಾ, ಯೂರಿಯಾ ಕೊಡ್ಲಾ?"

"ಯಾವುದರಲ್ಲಿ ಬೇಗ ಹಸಿರಾಗುತ್ತೆ?"

"ಬೇಗ ಅಂದ್ರೆ ಯೂರಿಯಾನೇ."

ವ್ಯಾಪಾರಿ ಒಂದು ಚೀಲ ಯೂರಿಯಾ ತಂದ. ಎರಡು ದಿನ ಅದು ಜಗಲಿಯ ಮೂಲೆಯಲ್ಲಿತ್ತು. ಮಾಲಿ ಹೇಳಿದ ಒಂದು ತಿಂಗಳು ಅವನ ನೆನಪಿನಲ್ಲಿತ್ತು. ಎದುರು ಮನೆಯ ಹಸಿರು ಕಣ್ಣಮುಂದೆ ಇತ್ತು. ಮೂರನೆಯ ದಿನ ಭಾನುವಾರ. ಹೆಂಡತಿ ತವರಿಗೆ ಹೋಗಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಚೀಲದ ಬಾಯಿ ಬಿಚ್ಚಿದ.

ಅಂದು ನಲ್ಲಿಯಲ್ಲಿ ನೀರು ಬರುವ ದಿನವಲ್ಲ. ಅದು ಅವನಿಗೆ ಗೊತ್ತಿತ್ತು. ಮುಷ್ಟಿ ಮುಷ್ಟಿ ಎರಚಿದ. ಅಳತೆ ನೋಡಲಿಲ್ಲ. ಇಬ್ಬನಿ ಇನ್ನೂ ಆರಿರಲಿಲ್ಲ. ಬಿಳಿಯ ಹರಳು ಎಲೆಗೆ ಅಂಟಿಕೊಂಡಿತು. ಅರ್ಧ ಮುಗಿಯುವಷ್ಟರಲ್ಲಿ ಇದು ಎಲೆ ಸುಡಬಹುದು ಎಂಬ ಅಳುಕು ಹುಟ್ಟಿತು. ಉಳಿದ ಅರ್ಧಕ್ಕೆ ನೀರಿನಲ್ಲಿ ಕರಗಿಸಿ ಚಿಮುಕಿಸೋಣ ಎಂದುಕೊಂಡ. ಮನೆಯಲ್ಲಿ ಹಿಡಿದಿಟ್ಟಿದ್ದ ಎರಡು ಬಕೆಟ್ ನೀರನ್ನು ಒಂದು ನೀಲಿ ಟಬ್ಬಿಗೆ ಸುರಿದು, ಮೂರು ಬೊಗಸೆ ಯೂರಿಯಾ ಹಾಕಿ ಕೈಯಿಂದ ಕದಡಿದ. ನೀರು ಮಂಜಿನ ಹಾಗೆ ತಣ್ಣಗಾಯಿತು. ಹರಳು ಕರಗಿ, ನೋಡಿದರೆ ಬರಿಯ ನೀರು.

ಅಷ್ಟರಲ್ಲಿ ಒಳಗೆ ಫೋನು ಬಡಿಯಿತು. ತಮ್ಮ. ಅಂಗಡಿಯ ಮಾತು. ವ್ಯಾಪಾರಿ ಒಳಗೆ ಹೋಗಿ ಮಾತಾಡುತ್ತ ನಿಂತ. ಬೆಳಿಗ್ಗೆ ಎದುರು ಮನೆಯ ಹುಲ್ಲು ನೋಡಲು ಗೇಟನ್ನು ತೆಗೆದವನು ಮತ್ತೆ ಹಾಕಿರಲಿಲ್ಲ.

ಹೊರಗೆ ಬಂದಾಗ ಕೌಲಿ ಟಬ್ಬಿನಿಂದ ತಲೆ ಎತ್ತುತ್ತಿತ್ತು. ಅದರ ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲದ ದಿನ ಹಸುವಿಗೂ ನೀರಡಿಕೆ. ಟಬ್ಬಿನಲ್ಲಿ ಮೂರರಲ್ಲಿ ಒಂದು ಪಾಲು ಖಾಲಿಯಾಗಿತ್ತು.

ವ್ಯಾಪಾರಿ ಕೋಲು ತೆಗೆದುಕೊಂಡು ಅದನ್ನು ಅಟ್ಟಿದ. ಹಸು ತನ್ನ ಪಾಡಿಗೆ ಖಾಲಿ ನಿವೇಶನ ದಾಟಿ ಮನೆಯ ಕಡೆ ಹೋಯಿತು. ನಡಿಗೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ.

ವ್ಯಾಪಾರಿ ಬೀದಿಯ ಎರಡೂ ಕಡೆ ನೋಡಿದ. ಹೊಲದ ಬೆಳೆಗೆ ಹಾಕುವ ಗೊಬ್ಬರ ತಾನೇ, ಅಷ್ಟು ದೊಡ್ಡ ಪ್ರಾಣಿಗೆ ಏನಾದೀತು ಎಂದುಕೊಂಡ. ಹಾಗೆ ಅಂದುಕೊಂಡವನು ಟಬ್ಬಿನಲ್ಲಿ ಉಳಿದ ನೀರನ್ನು ಚರಂಡಿಗೆ ಚೆಲ್ಲಿದ. ಟಬ್ಬನ್ನು ಒರೆಸಿ ಕವುಚಿ ಹಾಕಿದ. ಚೀಲವನ್ನು ಒಳಗೆ ಎಳೆದು ಮೇಲೆ ಗೋಣಿ ಮುಚ್ಚಿದ. ಗೇಟು ಹಾಕಿ ಚಿಲಕ ಭದ್ರ ಮಾಡಿದ. ಏನೂ ಆಗುವುದಿಲ್ಲ ಎಂದು ನಂಬಿದವನ ಕೈ ಇಷ್ಟೆಲ್ಲ ಕೆಲಸ ಏಕೆ ಮಾಡಿತು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಅರ್ಧ ಗಂಟೆಯಾಗಿರಬೇಕು. ಕೆಂಚಮ್ಮನ ಕೂಗು ಕೇಳಿತು.

ಅವನು ಹೋದಾಗ ಆಗಲೇ ಹತ್ತು ಹದಿನೈದು ಜನ ಸೇರಿದ್ದರು. ಕೌಲಿ ಕಾಲು ಅಗಲಿಸಿ ನಿಂತು ತೂರಾಡುತ್ತಿತ್ತು. ಕಿವಿ ಅದುರುತ್ತಿತ್ತು, ಮೈ ಅದುರುತ್ತಿತ್ತು. ಬಾಯಲ್ಲಿ ನೊರೆ. ಹೊಟ್ಟೆ ಎಡಗಡೆ ಉಬ್ಬಿ ಬಂದಿತ್ತು. ನೋಡುತ್ತಿದ್ದಂತೆ ಮುಂಗಾಲು ಮಡಚಿ ಕುಸಿಯಿತು. ಕುಸಿದು ಒಂದು ಸಲ ಕೂಗಿತು. ಹಸು ಹಾಗೆ ಕೂಗುವುದನ್ನು ವ್ಯಾಪಾರಿ ಅದುವರೆಗೆ ಕೇಳಿರಲಿಲ್ಲ.

"ಹಾವು ಮುಟ್ಟಿರಬೇಕು," ಎಂದ ಒಬ್ಬ. "ಹೊಟ್ಟೆ ಉಬ್ಬರ, ಎಣ್ಣೆ ಕುಡಿಸಿ," ಎಂದ ಇನ್ನೊಬ್ಬ. ಯಾರೋ ಆಗಲೇ ದನದ ಆಸ್ಪತ್ರೆಗೆ ಫೋನು ಮಾಡಿದ್ದರು. ಕೆಂಚಮ್ಮ ಹಸುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಬಾಯಿ ಒರೆಸುತ್ತಿದ್ದಳು.

ಹೇಳಿಬಿಡಬೇಕೆಂದು ವ್ಯಾಪಾರಿ ಒಂದು ಹೆಜ್ಜೆ ಮುಂದಿಟ್ಟ. ಇಟ್ಟವನು ಸುತ್ತ ನೋಡಿದ. ಅವನ ಸುತ್ತ ನಿಂತಿದ್ದವರು ಅಂದು ಗೇಟಿನ ಬಳಿ ನಿಂತಿದ್ದವರೇ. ಜೀವಸಹಿತ ಆಚೆ ಹೋಗಲ್ಲ ಎಂದು ಅವನು ಕೂಗಿದ್ದನ್ನು ಕೇಳಿದವರೇ. ಈಗ ಯೂರಿಯಾ ಎಂದರೆ ಯಾರು ತಾನೇ ಮರೆವು ಅಂದಾರು? ಡಾಕ್ಟರು ಬರಲಿ, ಅವರನ್ನು ಪಕ್ಕಕ್ಕೆ ಕರೆದು ಒಬ್ಬರ ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡ. ಹಾಗಂದುಕೊಂಡ ಮೇಲೆ ಅವನಿಗೆ ಸ್ವಲ್ಪ ಹಗುರವೆನಿಸಿತು.

ಡಾಕ್ಟರು ಬಂದರು. ಸ್ಕೂಟರಿನಲ್ಲಿ ಬಂದ ಹೆಣ್ಣುಮಗಳು, ಇನ್ನೂ ಚಿಕ್ಕ ವಯಸ್ಸು. ಬಂದವಳೇ ಯಾರ ಕಡೆಗೂ ನೋಡದೆ ಹಸುವಿನ ಬಳಿ ಮಂಡಿಯೂರಿದಳು. ಪಕ್ಕಕ್ಕೆ ಕರೆಯಲು ಎಡೆಯೇ ಸಿಗಲಿಲ್ಲ.

"ಬೆಳಿಗ್ಗೆ ಏನು ಹಾಕಿದ್ರಿ?"

"ಜೋಳದ ಹಸಿ ಮೇವು ಡಾಕ್ಟ್ರಮ್ಮ. ತಮ್ಮನ ಹೊಲದ್ದು. ಒಂದು ಹೊರೆ ಕೊಯ್ದು ತಂದೆ."

"ಎಳೇ ಜೋಳಾನಾ? ಎಷ್ಟು ಎತ್ತರ ಇತ್ತು?"

ಕೆಂಚಮ್ಮ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತೋರಿಸಿದಳು. ತೋರಿಸಿದ ಕೈ ಹಾಗೇ ನಿಂತುಬಿಟ್ಟಿತು. ಎಳೆಯ ಜೋಳದಲ್ಲಿ ವಿಷವಿರುತ್ತದೆಂದು ದನ ಕಟ್ಟಿದವರಿಗೆಲ್ಲ ಗೊತ್ತು. ಮಳೆ ಬಿದ್ದಿದೆ, ಈಗ ತೊಂದರೆಯಿಲ್ಲ ಎಂದು ಅವಳ ತಮ್ಮ ಹೇಳಿದ್ದ, ಅವಳು ನಂಬಿದ್ದಳು.

"ಎಳೇ ಜೋಳ ಹಾಕೋದಾ ಕೆಂಚಮ್ಮಾ? ನಿನಗೆ ಗೊತ್ತಿಲ್ವಾ?" ಎಂದಿತು ಗುಂಪಿನಲ್ಲಿ ಒಂದು ಧ್ವನಿ. "ಗಬ್ಬದ ಹಸುಗೆ ಬೇರೆ," ಎಂದಿತು ಇನ್ನೊಂದು.

ಕೆಂಚಮ್ಮ ಎರಡು ಕೈಯಿಂದಲೂ ಹಣೆ ಚಚ್ಚಿಕೊಂಡಳು. "ನನ್ನ ಕೈಯಾರೆ ಹಾಕ್ದೆ! ನನ್ನ ಕೈಯಾರೆ ತಿನ್ನಿಸ್ದೆ ತಾಯಿ!"

ಡಾಕ್ಟರು ಪೆಟ್ಟಿಗೆ ತೆರೆದು ಸಿರಿಂಜು ತೆಗೆದಳು. ಔಷಧಿ ಎಳೆದಳು. ಹಸುವಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಒಸಡು ನೋಡಿದಳು. ಮತ್ತೊಮ್ಮೆ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ಜೋಳದ ವಿಷ ಆದ್ರೆ ಇಲ್ಲಿ ಇನ್ನೂ ಕೆಂಪಗಿರಬೇಕಿತ್ತು," ಎಂದಳು. ತಲೆ ಎತ್ತಿ ಎಲ್ಲರನ್ನೂ ಕೇಳಿದಳು: "ಬೇರೆ ಏನಾದ್ರೂ ತಿಂದಿದ್ಯಾ? ಗೊಬ್ಬರ, ಔಷಧಿ, ಏನಾದ್ರೂ? ನೋಡಿದವರಿದ್ರೆ ಹೇಳಿ. ಇದು ಜೋಳದ್ದಲ್ದೇ ಇದ್ರೆ ಈ ಇಂಜೆಕ್ಷನ್ನೇ ಇದನ್ನ ಕೊಲ್ಲುತ್ತೆ."

"ಇಲ್ಲಿ ಗೊಬ್ಬರ ಎಲ್ಲಿಂದ ಬರುತ್ತೆ ಮೇಡಂ, ಎಲ್ಲ ಮನೆಗಳೇ," ಎಂದ ಎದುರು ಮನೆಯವನು.

ವ್ಯಾಪಾರಿ ಅವನ ಪಕ್ಕದಲ್ಲೇ ನಿಂತಿದ್ದ. ಅವನ ಉಗುರಿನ ಸಂದಿಯಲ್ಲಿ ಬಿಳಿಯ ಪುಡಿ ಇನ್ನೂ ಇತ್ತು. ಕೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿದ. ಈಗ ಹೇಳುತ್ತೇನೆ ಎಂದುಕೊಂಡ. ಡಾಕ್ಟರ ಮಾತು ಮುಗಿಯಲಿ ಎಂದುಕೊಂಡ. ಮಾತು ಮುಗಿದಿತ್ತು. ಹಸುವಿನ ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಹೆಚ್ಚುತ್ತ ಹೋಯಿತು. ಅವನು ಆ ಉಸಿರುಗಳನ್ನು ನೋಡುತ್ತ ನಿಂತ.

ಡಾಕ್ಟರು ಇನ್ನು ಕಾಯುವಂತಿರಲಿಲ್ಲ. ಹಸುವಿನ ಕೊರಳಿನ ನರ ಹುಡುಕಿ ಹೆಬ್ಬೆರಳು ಒತ್ತಿದಳು.

ಆಗ ಕೆಂಚಮ್ಮ ತಲೆ ಎತ್ತಿದಳು. ಅವಳ ಕಣ್ಣಿಗೆ ಬಿದ್ದದ್ದು ವ್ಯಾಪಾರಿ. ಅವಳು ಅವನ ಕಡೆಗೆ ಕೈ ಮುಗಿದಳು.

"ನೀವು ಹೇಳಿದ ಮೇಲೆ ಒಂದು ದಿನಾನೂ ಬಿಟ್ಟಿಲ್ಲ ಸಾವ್ಕಾರ್ರೇ. ಕಟ್ಟಿ ಹಾಕಿ ಕಟ್ಟಿ ಹಾಕಿ ಮೇವು ತಂದು ಹಾಕ್ದೆ. ಬಿಟ್ಟು ಮೇಯಿಸಿದ್ರೆ ಹಿಂಗಾಗ್ತಿರ್ಲಿಲ್ಲ. ನನ್ನ ಕರ್ಮ."

ಅಂದು ಬೆಳಿಗ್ಗೆ ಕೌಲಿ ಹಗ್ಗ ಬಿಚ್ಚಿಕೊಂಡು ಹೋಗಿ ತಾನೇ ತಿರುಗಿ ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆನೆಂದೇ ಅವಳು ನಂಬಿದ್ದಳು.

"ಬೇಡಿ!" ಎಂದು ವ್ಯಾಪಾರಿ ಕೂಗಿದ. "ಚುಚ್ಚಬೇಡಿ ಡಾಕ್ಟ್ರೇ. ಜೋಳ ಅಲ್ಲ. ಯೂರಿಯಾ. ಹುಲ್ಲಿಗೆ ಅಂತ ನೀರಿಗೆ ಬೆರೆಸಿ ಇಟ್ಟಿದ್ದೆ. ನಮ್ಮ ಅಂಗಳದಲ್ಲಿ ಕುಡಿದಿದೆ. ನಾನು ನೋಡಿದೆ."

ಡಾಕ್ಟರು ಸೂಜಿ ಹಿಂದಕ್ಕೆ ತೆಗೆದಳು. "ಎಷ್ಟು ಹೊತ್ತಾಯ್ತು?"

"ಮುಕ್ಕಾಲು ಗಂಟೆ."

"ಎಷ್ಟು ಕುಡಿದಿದೆ?"

"ಒಂದು ಬೊಗಸೆ ಯೂರಿಯಾ ಹೋಗಿರಬೇಕು."

ಕೆಂಚಮ್ಮ ಅವನನ್ನು ನೋಡುತ್ತಿದ್ದಳು. ಮುಗಿದ ಕೈ ಇನ್ನೂ ಹಾಗೇ ಇತ್ತು. ಆದರೆ ಡಾಕ್ಟರಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ.

"ವಿನೆಗರ್ ಬೇಕು, ಹುಳಿ ಹೋದ್ರೇನೇ ಈ ವಿಷ ಮುರಿಯೋದು. ನಾಲ್ಕೈದು ಲೀಟರ್. ತಣ್ಣೀರು ಬೇಕು, ಎಷ್ಟಿದ್ರೆ ಅಷ್ಟು. ಈಗಲೇ!"

ನೀರಿಲ್ಲದ ದಿನ. ವ್ಯಾಪಾರಿ ಓಡಿದ. ಮೊದಲ ಮನೆಯ ಬಾಗಿಲು ಬಡಿದ. ಬಾಗಿಲು ತೆಗೆದ ಮುದುಕಿ ಗುಂಪಿನಲ್ಲಿ ಇದ್ದವಳಲ್ಲ, "ಏನಾಯ್ತು, ಯಾಕೆ?" ಎಂದು ಕೇಳಿದಳು. ಅವನು ಹೇಳಲೇಬೇಕಾಯಿತು: "ಕೆಂಚಮ್ಮನ ಹಸು ನಾನು ಇಟ್ಟ ಯೂರಿಯಾ ನೀರು ಕುಡಿದಿದೆ. ವಿನೆಗರ್ ಇದ್ರೆ ಕೊಡಿ, ನೀರು ಕೊಡಿ." ಎರಡನೆಯ ಮನೆಯಲ್ಲೂ ಅದನ್ನೇ ಹೇಳಿದ. ಮೂರನೆಯ ಮನೆಯಲ್ಲೂ. ಒಬ್ಬರ ಕಿವಿಯಲ್ಲಿ ಹೇಳಬೇಕೆಂದುಕೊಂಡದ್ದನ್ನು ಹನ್ನೊಂದು ಮನೆಯ ಬಾಗಿಲಲ್ಲಿ ಗಟ್ಟಿಯಾಗಿ ಹೇಳಿದ. ಒಂದು ಮನೆಯಲ್ಲಿ ಕಾಲು ಬಾಟಲಿ ಸಿಕ್ಕಿತು, ಒಂದು ಮನೆಯಲ್ಲಿ ತಳದಲ್ಲಿ ನಾಲ್ಕು ಚಮಚ. ಬೀದಿಯ ಕೊನೆಯಲ್ಲಿ ಗೋಬಿ ಮಂಚೂರಿ ಗಾಡಿಯವನ ಮನೆಯಿತ್ತು. ಅವನು ಒಳಗೆ ಹೋಗಿ ಐದು ಲೀಟರಿನ ಕ್ಯಾನು ಎತ್ತಿ ತಂದ. ವ್ಯಾಪಾರಿ ಅದನ್ನು ಎದೆಗೆ ಅವಚಿಕೊಂಡು ಓಡಿದ. ಎಡವಿ ಬಿದ್ದ, ಮಂಡಿ ಒಡೆಯಿತು, ಎದ್ದು ಓಡಿದ.

ಜನ ಕುಡಿಯುವ ನೀರಿನ ಬಿಂದಿಗೆಗಳನ್ನೇ ತಂದು ಇಟ್ಟಿದ್ದರು. ಡಾಕ್ಟರು ಹಸುವಿನ ಹೊಟ್ಟೆಗೆ ಕೊಳವೆ ಇಳಿಸಿದಳು. ಉಬ್ಬಿದ ಗಾಳಿ ಸುಯ್ಯೆಂದು ಹೊರಬಂತು. ವಿನೆಗರ್ ಸುರಿದಳು, ಮೇಲೆ ನೀರು ಸುರಿದಳು. ಮತ್ತೆ ಸುರಿದಳು. ವ್ಯಾಪಾರಿ ಲಾಳಿಕೆ ಹಿಡಿದು ನಿಂತಿದ್ದ. ಅದು ಓರೆಯಾದಾಗ ಡಾಕ್ಟರು, "ಸರಿಯಾಗಿ ಹಿಡೀರಿ!" ಎಂದು ಗದರಿದಳು. ಒಂದು ಹೊತ್ತಿನಲ್ಲಿ ಕೌಲಿಯ ಉಸಿರು ನಿಂತೇಹೋಯಿತು. ಕೆಂಚಮ್ಮ ಅದರ ಎದೆಗೆ ಗುದ್ದಿದಳು. ಡಾಕ್ಟರು ಬಾಯೊಳಗೆ ಕೈ ಹಾಕಿ ನೊರೆ ಬಳಿದು ತೆಗೆದಳು. ಮತ್ತೆ ಒಂದು ಉಸಿರು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು.

ಹತ್ತು ಗಂಟೆಗೆ ಕಿವಿಯ ಅದುರು ನಿಂತಿತು. ಹನ್ನೆರಡಕ್ಕೆ ಕೌಲಿ ತಲೆ ಎತ್ತಿತು. ಮಧ್ಯಾಹ್ನ ಮೂರಕ್ಕೆ ನಾಲ್ಕು ಕಾಲಿನ ಮೇಲೆ ನಿಂತಿತು.

ಮೂರನೆಯ ದಿನ ಅದು ಕರು ಹಾಕಿತು. ಕರುವಿಗೆ ಜೀವವಿರಲಿಲ್ಲ.

ಕೆಂಚಮ್ಮ ಡಾಕ್ಟರನ್ನು ಕೇಳಿದಳು: "ಒಂದು ಹತ್ತು ನಿಮಿಷ ಮೊದಲು ಗೊತ್ತಾಗಿದ್ರೆ ಕರು ಉಳೀತಿತ್ತಾ?"

ಡಾಕ್ಟರು ಸುಳ್ಳು ಹೇಳುವವಳಲ್ಲ. "ಗೊತ್ತಿಲ್ಲಮ್ಮ," ಎಂದಳು. "ಉಳೀತಿತ್ತೋ ಏನೋ. ಇಲ್ಲದೆಯೂ ಇರಬಹುದು. ಅದನ್ನ ಯಾರೂ ಹೇಳೋಕಾಗಲ್ಲ."

ವ್ಯಾಪಾರಿ ಬಾಗಿಲ ಬಳಿ ನಿಂತು ಇದನ್ನು ಕೇಳಿದ.

ಅವನ ಹುಲ್ಲು ಆ ವಾರವೇ ಸುಟ್ಟುಹೋಯಿತು. ಮುಷ್ಟಿ ಬಿದ್ದ ಕಡೆಯಲ್ಲೆಲ್ಲ ಅಂಗೈಯಗಲ ಕಂದು ಗುರುತು. ಮಾಲಿ ಬಂದು ನೋಡಿ, ಬೈಯಲಿಲ್ಲ. ನೀರು ಬಂದ ದಿನವೆಲ್ಲ ನೆಲ ನೆನೆಯುವ ಹಾಗೆ ನೀರು ಬಿಡಿ, ಸತ್ತ ಹುಲ್ಲನ್ನು ಕೆರೆದು ತೆಗೆಯಿರಿ, ಮಳೆಗಾಲದವರೆಗೆ ಏನನ್ನೂ ಹಾಕಬೇಡಿ ಎಂದು ಹೇಳಿ ಹೋದ. ವ್ಯಾಪಾರಿ ಅಷ್ಟನ್ನೂ ಮಾಡಿದ. ಈ ಸಲ ಕಾಯುವುದು ಕಷ್ಟವಾಗಲಿಲ್ಲ; ಹುಲ್ಲಿನ ಕಡೆ ನೋಡಬೇಕು ಎಂದೇ ಅವನಿಗೆ ಅನ್ನಿಸುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಅವನು ಕೆಂಚಮ್ಮನ ಮನೆಗೆ ಹೋದ. ಅವಳು ಕೊಟ್ಟಿಗೆ ಗುಡಿಸುತ್ತಿದ್ದಳು. ಅವನು ನಿಂತೇ ಹೇಳಿದ:

"ಕೆಂಚಮ್ಮ, ಅವತ್ತು ಗೇಟಿನಲ್ಲಿ ಆಡಿದ ಮಾತು ಸಿಟ್ಟಿಗೆ ಬಂದದ್ದು. ಗೇಟು ಹಾಕದೆ ಟಬ್ಬು ಬಿಟ್ಟದ್ದು ಮರೆವಿನಿಂದ. ಬೇಕಂತ ಮಾಡಿದ್ದಲ್ಲ. ದೇವರಾಣೆ."

ಕೆಂಚಮ್ಮ ಪೊರಕೆ ಗೋಡೆಗೆ ಒರಗಿಸಿದಳು.

"ಬೇಕಂತ ಮಾಡಿದ್ದಲ್ಲ ಅಂತ ನಂಗೂ ಗೊತ್ತು ಸಾವ್ಕಾರ್ರೇ. ಆ ಟಬ್ಬಿನ ಮಾತು ಅವತ್ತೇ ಬಿಟ್ಟೆ. ಆದ್ರೆ ನೀವು ಅಲ್ಲೇ ನಿಂತಿದ್ರಿ. ನನ್ನ ಕೈಯಾರೆ ಕೊಂದೆ ಅಂತ ನಾನು ಹಣೆ ಚಚ್ಕೋತಿದ್ದೆ. ನೀವು ನೋಡ್ತಾ ನಿಂತಿದ್ರಿ. ಅದನ್ನ ಏನಂತ ಬಿಡ್ಲಿ, ನೀವೇ ಹೇಳಿ."

ವ್ಯಾಪಾರಿ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಕತೆ ಇಲ್ಲಿಗೆ ನಿಂತಿತು. ನಿರ್ವಾಣಪ್ಪ ಮುಂದೆ ಇನ್ನೇನೋ ಇದೆಯೆಂದು ಕಾದ.

"ಆದರೂ ಅಯ್ಯ," ಎಂದ ನಿರ್ವಾಣಪ್ಪ ಕೊನೆಗೆ, "ಅವನು ಸೂಜಿ ಚುಚ್ಚುವ ಮೊದಲೇ ಹೇಳಿದನಲ್ಲ. ಹಸು ಉಳಿಯಿತಲ್ಲ. ಅಂದ ಮೇಲೆ ಅವನು ಹೇಳಿದ್ದು ತಕ್ಕ ಹೊತ್ತಿಗೇ ಅಲ್ಲವೇ?"

ಗುರುಗಳು ಅವನ ಕಣ್ಣನ್ನೇ ನೋಡುತ್ತ ಕೇಳಿದರು:

"ನೀನು ಇಲ್ಲಿ ಕುಳಿತು ನನ್ನ ಹತ್ತಿರ ಹೊತ್ತು ಕೇಳುತ್ತಿದ್ದೀಯ ನಿರ್ವಾಣಪ್ಪ, ಅಲ್ಲಿ ನಿನ್ನ ತಪ್ಪನ್ನು ತಮ್ಮದೆಂದುಕೊಂಡು ಅಳುತ್ತಿರುವವರು ಯಾರು?"